ಒಂದು, ಹತ್ತು, ಎರಡು

ಒಂಬತ್ತಾದ ಮೇಲೆ ಹತ್ತು ಬರುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಹೇಳಿಕೊಟ್ಟುಕೊಂಡು ಬಂದವಳು ನಾನು. ಮಂಡ್ಯದ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತದ ಟೀಚರ್. ಅಂಥ ನನ್ನ ಕಣ್ಣೆದುರಿಗೇ ಒಂದು ವೆಬ್‌ಸೈಟು ಒಂದಾದ ಮೇಲೆ ಹತ್ತು, ಹತ್ತಾದ ಮೇಲೆ ಎರಡು ಎಂದು ತೋರಿಸಿತು. ಅದು ತಪ್ಪು ಅಂತ ಗೊತ್ತಿದ್ದೂ ನಾನು "ಸರಿ, ಒತ್ತಿ" ಅಂದುಬಿಟ್ಟೆ. ವೆಬ್‌ಸೈಟಿನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಆ "ಸರಿ" ಅಂದದ್ದಕ್ಕೆ ನನ್ನ ಮೇಲಿರುವ ಸಿಟ್ಟು ಅದಕ್ಕಿಂತ ಒಂದು ಕೈ ಹೆಚ್ಚು.

ಇದೆಲ್ಲ ಶುರುವಾದದ್ದು ನನ್ನ ಚಿಕ್ಕವ್ವನಿಂದ. ಹೆತ್ತವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವ್ವನ ತಂಗಿಯಾದ ಚಿಕ್ಕವ್ವ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಹೋದವಳು, ಕಾಲೇಜು ಮುಗಿಯುವವರೆಗೂ ಇಳಿಸಲಿಲ್ಲ. ಅವಳ ಊರು ಮಳವಳ್ಳಿ ತಾಲೂಕಿನಲ್ಲಿ, ಬಂಡೂರಿನ ಪಕ್ಕ. ಸುತ್ತಲಿನ ಹತ್ತೂರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಪದ ಹೇಳುವುದಕ್ಕೆ ಅವಳಿಗೆ ವೀಳ್ಯ ಬರುತ್ತಿತ್ತು. ಸೋಬಾನೆ ಅಂದರೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದ. ಚಪ್ಪರ ಹಾಕುವಾಗ ಒಂದು, ಅರಿಶಿನ ಹಚ್ಚುವಾಗ ಒಂದು, ಬಳೆ ತೊಡಿಸುವಾಗ, ಹಸೆಗೆ ಕರೆಯುವಾಗ, ಧಾರೆ ಎರೆಯುವಾಗ, ಬೀಗರನ್ನು ಗೇಲಿ ಮಾಡುವಾಗ ಒಂದೊಂದು. ಎಲ್ಲ ಮುಗಿದ ಮೇಲೆ ಕೊನೆಯದು, ಹೆಣ್ಣೊಪ್ಪಿಸುವ ಪದ. ಒಂದೊಂದು ಪದದಲ್ಲೂ ಒಂದು ಜಾಗ ಖಾಲಿ ಬಿಟ್ಟಿರುತ್ತದೆ. ಆವತ್ತು ಹಸೆ ಮೇಲೆ ಕೂತ ಹೆಣ್ಣಿನ ಹೆಸರು, ಗಂಡಿನ ಹೆಸರು ಅಲ್ಲಿ ಕೂರಿಸಿ ಹೇಳಬೇಕು.

ಚಿಕ್ಕವ್ವ ಸಾಲು ತಪ್ಪಿಸುವವಳಲ್ಲ. ಒಂದು ಸಲ ಕೊತ್ತತ್ತಿ ಕಡೆಯ ಮದುವೆಯೊಂದರಲ್ಲಿ, ಗಂಡಿನ ಕಡೆಯವರು ಬಸ್ಸಿಗೆ ಹೊತ್ತಾಯಿತು ಅಂತ ಬೀಗರ ಪದ ಬಿಟ್ಟು ಸೀದಾ ಹೆಣ್ಣೊಪ್ಪಿಸುವ ಪದಕ್ಕೆ ಬಾ ಅಂದರಂತೆ. ಇವಳು ಚಾಪೆ ಸುತ್ತಿಟ್ಟು, ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಎದ್ದೇಬಿಟ್ಟಳಂತೆ. "ಅಂಗೆಲ್ಲ ಆರಿಸ್ಕಂಡು ಏಳಕ್ಕೆ ಇದೇನು ಅಂಗ್ಡಿ ಸಾಮಾನಾ?" ಅಂದಳಂತೆ. ಮೂರು ಜನ ಹೋಗಿ ಸಮಾಧಾನ ಮಾಡಿ ಕರೆತರಬೇಕಾಯಿತು.

ಇಷ್ಟು ಹೆಣ್ಣುಗಳನ್ನು ಹಾಡಿ ಕಳಿಸಿದ ಚಿಕ್ಕವ್ವ ನನ್ನ ಮದುವೆಯಲ್ಲಿ ಒಂದು ಸಾಲೂ ಹೇಳಲಿಲ್ಲ. ಹೇಳುವುದಕ್ಕೆ ಮದುವೆ ಅಂತ ಒಂದು ನಡೆದಿದ್ದರೆ ತಾನೆ? ಮದ್ದೂರಿನ ಹುಡುಗ, ನಮ್ಮ ಜನ ಅಲ್ಲ. ಎರಡೂ ಕಡೆ ಒಪ್ಪಲಿಲ್ಲ. ಒಂದು ಶುಕ್ರವಾರ ಬೆಳಗ್ಗೆ ಕೆಲಸಕ್ಕೆ ಅಂತ ಹೊರಟವಳು ಮಂಡ್ಯದ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ, ಸಂಜೆಗೆ ಅವರ ಮನೆಗೆ ಹೋದೆ. ಚಿಕ್ಕವ್ವ ಎರಡು ವರ್ಷ ಮಾತು ಬಿಟ್ಟಳು. ಆಮೇಲೆ ಒಂದು ದಿನ ತಾನಾಗಿಯೇ ಒಂದು ಮೂಟೆ ರಾಗಿ ಹಿಟ್ಟು ಹೊರಿಸಿಕೊಂಡು ಬಂದು, ಏನೂ ಆಗಿಲ್ಲದವಳ ಹಾಗೆ ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಆ ಮದುವೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಅವಳ ಬಾಯಲ್ಲಿ ನನ್ನ ಗಂಡನ ಹೆಸರು ಬಂದಿಲ್ಲ. "ನಿನ್ ಮನೆಯೋನು" ಅನ್ನುತ್ತಾಳೆ, ಅಷ್ಟೆ.

ಹೋದ ವರ್ಷ ಸ್ಟಾಫ್ ರೂಮಿನಲ್ಲಿ ಪೇಪರ್ ತಿರುವುವಾಗ ಒಂದು ಪ್ರಕಟಣೆ ಕಂಡಿತು. ಜನಪದ ಹಾಡುಗಳ ಧ್ವನಿಯನ್ನು ಕೂಡಿಡುವ ಸಂಸ್ಥೆಯೊಂದು ಹಳ್ಳಿಯ ಹಾಡುಗಾರರ ರೆಕಾರ್ಡಿಂಗ್ ಕಳಿಸಿ ಎಂದು ಕೇಳಿತ್ತು. ಬೆಳಗಾದರೆ ಚಿಕ್ಕವ್ವನ ಮುಂದೆ ಕೂತೆ. ಅವಳ ಗಂಟಲು ಆಗಲೇ ಒಡೆಯುವುದಕ್ಕೆ ಶುರುವಾಗಿತ್ತು. ಮೇಲಿನ ಸ್ವರಕ್ಕೆ ಹೋದರೆ ಕೆಮ್ಮು. ಇನ್ನೊಂದು ವರ್ಷ ಬಿಟ್ಟರೆ ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಏಳ್ತೀನಿ. ಆದ್ರೆ ಸಾಲಾಗಿ ಇಡ್ಬೇಕು ಕಣಮ್ಮಿ. ಕೇಳೋರು ಮದ್ವೆ ಮನೇಲಿ ಕುಂತಂಗೆ ಮೊದಲಿಂದ ಕೊನೇಗಂಟ ಕೇಳ್ಬೇಕು. ಇಂದ್ಲುದ್ ಮುಂದೆ, ಮುಂದ್ಲುದ್ ಇಂದೆ ಮಾಡುದ್ರೆ ನನ್ ಎಸ್ರು ಆಕ್ಬೇಡ," ಅಂದಳು.

"ಅದೆಲ್ಲ ನಾನು ನೋಡ್ಕೋತೀನಿ ಚಿಕ್ಕವ್ವ," ಅಂದೆ. ಗಣಿತದ ಟೀಚರ್ ಅಲ್ಲವೆ, ಹತ್ತು ಹಾಡನ್ನು ಸಾಲಾಗಿ ಇಡುವುದು ಎಂಥ ಮಹಾ ವಿದ್ಯೆ ಅಂದುಕೊಂಡೆ.

ಎರಡು ಭಾನುವಾರ ಅವಳ ಮನೆಯ ಹಜಾರದಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿದೆ. ದೀಪ ಹಚ್ಚಿ, ಚಾಪೆ ಹಾಸಿ, ಸೆರಗು ಹೊದ್ದು ಕೂತಳು. ನಾಲ್ಕನೆಯ ಪದದ ನಡುವೆ ಪಕ್ಕದ ಮನೆಯ ಕುರಿ ಅರಚಿತು. ಇನ್ನೊಂದು ಸಲ ಹೇಳು ಅಂದರೆ, "ಮದ್ವೆ ಮನೇಲಿ ಕುರಿ ಅರಚಲ್ವಾ?" ಅಂದಳು. ಹೆಣ್ಣಿನ ಹೆಸರು ಬರುವ ಜಾಗದಲ್ಲೆಲ್ಲ ಬರೀ "ನಮ್ಮ ಬಾಲೆ" ಅಂತ ಸೇರಿಸಿಕೊಂಡು ಒಂಬತ್ತು ಪದ ಮುಗಿಸಿದಳು. ಹತ್ತನೆಯದಕ್ಕೆ ಬಂದಾಗ ಸೆರಗು ಸರಿಮಾಡಿಕೊಂಡಳು.

"ಎಣ್ಣಿಲ್ದೆ ಎಣ್ಣೊಪ್ಸೋ ಪದ ಏಳ್ಬಾರ್ದು," ಅಂದಳು. ಫೋನಿನ ಕಡೆ ನೋಡಿ, "ಒಂದೇ ಒಂದ್ಕಿತ ಏಳ್ತೀನಿ. ಇನ್ನೊಂದ್ಸಲ ಕೇಳ್ಬೇಡ. ಅದುನ್ನ ಒತ್ತಿಟ್ಟು ನೀನ್ ಆಚೆಗೋಗು," ಅಂದಳು.

ಏನೋ ಅವಳ ಶಾಸ್ತ್ರ ಇರಬೇಕು ಅಂತ ಗುಂಡಿ ಒತ್ತಿ, ಫೋನನ್ನು ಮಣೆಯ ಮೇಲಿಟ್ಟು ಅಂಗಳಕ್ಕೆ ಹೋದೆ. ಎದುರುಗಡೆ ಹಿಟ್ಟಿನ ಗಿರಣಿ ಓಡುತ್ತಿತ್ತು. ರಾಗ ಮಾತ್ರ ಕೇಳಿಸಿತು, ಮಾತು ಕೇಳಿಸಲಿಲ್ಲ. ಮುಗಿದ ಮೇಲೆ ಒಳಗೆ ಹೋದರೆ ಅವಳು ಆಗಲೇ ಚಾಪೆ ಮಡಿಸುತ್ತಿದ್ದಳು.

ಇನ್ನು ಶುರುವಾಯಿತು ನನ್ನ ಗ್ರಹಚಾರ.

ಸೋಮವಾರ ಸಂಜೆ ಸ್ಕೂಲು ಮುಗಿಸಿ ರೈಲಿನಲ್ಲಿ ಮದ್ದೂರಿಗೆ ಬಂದು, ಕಾಫಿ ಕುಡಿದು ಲ್ಯಾಪ್‌ಟಾಪ್ ಬಿಚ್ಚಿದೆ. ಫೈಲುಗಳಿಗೆಲ್ಲ ಅಚ್ಚುಕಟ್ಟಾಗಿ "ಚಪ್ಪರದ ಪದ", "ಅರಿಶಿನದ ಪದ" ಅಂತ ಕನ್ನಡದಲ್ಲಿ ಹೆಸರಿಟ್ಟಿದ್ದೆ. ವೆಬ್‌ಸೈಟು ಕೆಂಪು ಅಕ್ಷರದಲ್ಲಿ "ಅಮಾನ್ಯ ಹೆಸರು" ಅಂದಿತು. ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನೂ ಇರಕೂಡದಂತೆ. ಕನ್ನಡದ ಹಾಡು ಕಳಿಸಿ ಅಂತ ಕನ್ನಡದಲ್ಲಿ ಕೇಳಿ, ಕನ್ನಡದ ಹೆಸರು ಅಮಾನ್ಯ ಅಂತ ಕನ್ನಡದಲ್ಲೇ ಬೈಯುತ್ತದಲ್ಲ ಇದು! ಹಲ್ಲು ಕಚ್ಚಿಕೊಂಡು ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಹಾಡು ಅಂತ ಬರೆದು, ಮುಂದೆ ಒಂದು, ಎರಡು, ಮೂರು ಅಂತ ಹತ್ತರವರೆಗೆ ಅಂಕಿ ಹಾಕಿದೆ.

"ಕಡತಗಳನ್ನು ಆಯ್ಕೆ ಮಾಡಿ" ಅಂತ ಒಂದು ಗುಂಡಿ. ಒತ್ತಿದೆ, ಒಂದನೆಯ ಹಾಡು ಆರಿಸಿದೆ. ಬಂತು. ಮತ್ತೆ ಒತ್ತಿ ಎರಡನೆಯದು ಆರಿಸಿದೆ. ಅದೂ ಬಂತು. ಹೀಗೆ ಹತ್ತೂ ಆರಿಸಿ, ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಪರದೆಯ ಮೇಲೆ ಹತ್ತನೆಯದು ಒಂದೇ ಇದೆ. ಉಳಿದ ಒಂಬತ್ತೂ ಮಾಯ. ನೀವು ಅಂಗಡಿಗೆ ಹೋಗಿ ಸಕ್ಕರೆ ಕೊಡಿ ಅಂತೀರಿ, ಕೊಡುತ್ತಾನೆ. ಬೇಳೆ ಕೊಡಿ ಅಂದ ಕೂಡಲೇ ಬೇಳೆ ಕೊಟ್ಟು ನಿಮ್ಮ ಚೀಲದಿಂದ ಸಕ್ಕರೆ ವಾಪಸ್ ತೆಗೆದುಕೊಳ್ಳುತ್ತಾನೆ. ಅಂಥ ಅಂಗಡಿಗೆ ನೀವು ಇನ್ನೊಂದು ಸಲ ಹೋಗುತ್ತೀರಾ? ನಾನು ಹೋದೆ. ನಾಲ್ಕು ದಿನ ಹೋದೆ.

ಎಲ್ಲವನ್ನೂ ಒಂದೇ ಏಟಿಗೆ ಆರಿಸಬೇಕು ಅಂತ ತಿಳಿಯುವುದಕ್ಕೆ ಮಂಗಳವಾರ ಆಯಿತು. ಕಂಟ್ರೋಲ್ ಗುಂಡಿಯನ್ನು ಒಂದು ಬೆರಳಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒಂದೊಂದನ್ನೇ ಒತ್ತುತ್ತಾ ಹೋಗಬೇಕು. ಏಳನೆಯದಕ್ಕೆ ಬರುವ ಹೊತ್ತಿಗೆ ಬೆರಳು ಜಾರಿತು, ಆರೂ ಹೋದವು. ಎರಡನೇ ಸಲ ಹತ್ತೂ ಸಿಕ್ಕವು. "ಸಲ್ಲಿಸಿ" ಅಂದೆ. ಹಸಿರು ಪಟ್ಟಿ ಮೆಲ್ಲಗೆ ತೆವಳಿತು. ಇಪ್ಪತ್ತು, ನಲವತ್ತು, ಎಂಬತ್ತೇಳು. ಎಂಬತ್ತೇಳಕ್ಕೆ ಬಂದು ನಿಂತಿತು. ನಾನು ಉಸಿರು ಬಿಗಿಹಿಡಿದು ಕೂತೆ. ಕರೆಂಟು ಹೋಯಿತು, ಅದರ ಹಿಂದೆಯೇ ವೈಫೈ ಹೋಯಿತು. ಮತ್ತೆ ಬಂದಾಗ ಸೊನ್ನೆಯಿಂದ ಶುರು. ಒಂಬತ್ತು ಹಾಡು ಪೂರ್ತಿ ಹೋಗಿ ಒಂದು ಅರ್ಧಕ್ಕೆ ನಿಂತರೂ ಹತ್ತನ್ನೂ ವಾಪಸ್ ಕಳಿಸುತ್ತದೆ ಅದು. ನಾವಾದರೂ ಮಕ್ಕಳಿಗೆ ಗ್ರೇಸ್ ಮಾರ್ಕ್ಸ್ ಕೊಡುತ್ತೇವೆ.

ಇದರ ಮಧ್ಯೆ ಹಾಡಿನ ಜೊತೆಗೆ ತುಂಬಬೇಕಾದ ಅರ್ಜಿಯಲ್ಲಿ ಒಂದು ಕಲಮು. "ಯಾರ ಮದುವೆಯಲ್ಲಿ ಹಾಡಿದ್ದು?" ಅಂತ. ಪಕ್ಕದಲ್ಲಿ ಕೆಂಪು ನಕ್ಷತ್ರ, ಅಂದರೆ ಖಾಲಿ ಬಿಡುವ ಹಾಗಿಲ್ಲ. ಯಾರ ಮದುವೆಯೂ ಅಲ್ಲ, ಮನೆಯ ಹಜಾರದಲ್ಲಿ ಹಾಡಿದ್ದು. ಖಾಲಿ ಬಿಟ್ಟೆ, ಒಪ್ಪಲಿಲ್ಲ. ಒಂದು ಗೆರೆ ಎಳೆದೆ, ಒಪ್ಪಲಿಲ್ಲ. ಕೊನೆಗೆ "ಅನ್ವಯಿಸುವುದಿಲ್ಲ" ಅಂತ ಬರೆದೆ. ಅದಕ್ಕೆ ಒಪ್ಪಿತು.

ಬುಧವಾರ ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ವಿಷಯ ಹೇಳಬೇಕು. ಸಂಬಳಕ್ಕೆ ಸೇರಿದ ಮೇಲೆ ಕಷ್ಟಪಟ್ಟು ಕಲಿತ ನನ್ನ ಹಕಾರ ಸಿಟ್ಟು ಬಂದರೆ ಹಾರಿಹೋಗುತ್ತದೆ.

"ನೋಡಮ್ಮ, ನಮ್ ಚಿಕ್ಕವ್ವುಂದು ಅತ್ತು ಆಡು. ಒಟ್ಗೆ ಕಳ್ಸಕ್ಕೆ ನೋಡ್ತಿದೀನಿ, ಒಂದೂ ಓಗ್ತಿಲ್ಲ," ಅಂದೆ.

ಆ ಕಡೆಯ ಹುಡುಗಿ ತುಂಬ ಮರ್ಯಾದೆಯಿಂದ, "ಮೇಡಂ, ಆಡು ಕುರಿ ವಿಷಯ ನಮ್ಮಲ್ಲಿ ಬರಲ್ಲ. ನೀವು ಪಶುಸಂಗೋಪನೆಯವರಿಗೆ ಫೋನ್ ಮಾಡ್ಬೇಕು," ಅಂದಳು.

"ಆಡಲ್ಲಮ್ಮಾ, ಹಾಡು! ಹಾಡು!" ಅಂತ ಕೂಗಿದ ಕೂಗಿಗೆ ನನ್ನ ಗಂಡ ಬಚ್ಚಲಿನಿಂದ ಇಣುಕಿ ನೋಡಿದರು. ವಿಷಯ ಅರ್ಥವಾದ ಮೇಲೆ ಅವಳು ಕೊಟ್ಟ ಪರಿಹಾರ, "ಬ್ರೌಸರ್ ಬದಲಾಯಿಸಿ ನೋಡಿ ಮೇಡಂ." ಬದಲಾಯಿಸಿದೆ. ಹೊಸ ಬ್ರೌಸರಿನಲ್ಲಿ ಎಂಬತ್ತೇಳಕ್ಕಲ್ಲ, ಎಂಬತ್ತಕ್ಕೇ ನಿಂತಿತು.

ದಿನಾ ಸಂಜೆ ಚಿಕ್ಕವ್ವನ ಫೋನು ಬೇರೆ. "ಏರ್ತೇನಮ್ಮಿ?" ಅಪ್‌ಲೋಡ್ ಅಂದರೆ ಅವಳಿಗೆ ಏರಿಸುವುದು. ನಾನೇ ಹಾಗೆ ಹೇಳಿಕೊಟ್ಟಿದ್ದೆ.

"ಏರ್ತದೆ ಚಿಕ್ಕವ್ವ, ಇರು."

"ಅದೇನ್ ತೆಂಗಿನ ಮರವಾ, ನಾಕ್ ದಿನದಿಂದ ಏರ್ತಾನೇ ಅದೆ?"

"ನೀನೊಂದು ಸುಮ್ನಿರು!" ಅಂತ ಕೂಗಿ ಇಟ್ಟೆ. ಯಾರ ಮೇಲಿನ ಸಿಟ್ಟನ್ನೋ ಅವಳ ಮೇಲೆ ತೀರಿಸಿದೆ ಅಂತ ಆಮೇಲೆ ಅನ್ನಿಸಿತು. ಮತ್ತೆ ಫೋನ್ ಮಾಡಲಿಲ್ಲ. ನನ್ನ ಬುದ್ಧಿಯೇ ಅಂಥದ್ದು.

ಶನಿವಾರ ಅರ್ಧ ದಿನದ ಸ್ಕೂಲು. ಮುಗಿಸಿಕೊಂಡು ಬಂದು ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಮದ್ದೂರಿನ ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಗೆ ಹೋದೆ. ಅಂಗಡಿಯವರು ನಲವತ್ತೈದರ ಸಾಬರು. ಅವರ ತಂದೆ ಅದೇ ಅಂಗಡಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ನನ್ನ ಕತೆ ಕೇಳಿ, "ಕೊಡಿ ಅಕ್ಕ, ಎರಡ್ ನಿಮಿಷ," ಅಂದರು. ಹತ್ತನ್ನೂ ಒಂದೇ ಸಲ ಹಿಡಿದು, ಎಳೆದು, ಆ ಪುಟದ ಮೇಲೆ ಬಿಟ್ಟರು. ಸರಸರ ಅಂತ ಪಟ್ಟಿ ಬಂತು. ಹಾಡು ಒಂದು. ಹಾಡು ಹತ್ತು. ಹಾಡು ಎರಡು. ಹಾಡು ಮೂರು.

"ಇದೇನಿದು? ಒಂದಾದ ಮೇಲೆ ಹತ್ತು?" ಅಂದೆ.

"ಅದು ಎಣಿಸಲ್ಲ ಅಕ್ಕ, ಓದುತ್ತೆ. ಹತ್ತು ಬರೆದ್ರೂ ಮೊದಲ ಅಂಕಿ ಒಂದೇ ತಾನೆ, ಒಂದರಿಂದ ಶುರುವಾಗೋದೆಲ್ಲ ಒಂದ್ ಕಡೆ. ಹೋಗ್ಲಿ ಬಿಡಿ, ಹತ್ತೂ ಹೋಗ್ತಾವಲ್ಲ?"

ಹಿಂದೆ ಆರು ಜನ ಆಧಾರ್ ಪ್ರಿಂಟಿಗೆ ನಿಂತಿದ್ದರು. ಐದು ದಿನದ ಸುಸ್ತು ಒಟ್ಟಿಗೇ ಮೈಮೇಲೆ ಬಂದಿತ್ತು. ಕೇಳುವವರು ಬೇಕಾದ್ದನ್ನು ಆರಿಸಿ ಕೇಳಿಕೊಳ್ಳುತ್ತಾರೆ, ಸಾಲು ಯಾರಿಗೆ ಬೇಕು ಅಂದುಕೊಂಡೆ. "ಸರಿ, ಒತ್ತಿ," ಅಂದೆ. ಪಟ್ಟಿ ಎಂಬತ್ತೇಳು ದಾಟಿ, ತೊಂಬತ್ತು ದಾಟಿ, ನೂರು ಮುಟ್ಟಿತು. ನಾನು ಅಂಗಡಿಯಲ್ಲಿದ್ದವರೆಲ್ಲರ ಎದುರಿಗೆ ಚಪ್ಪಾಳೆ ತಟ್ಟಿದೆ.

ಭಾನುವಾರ ಮದ್ದೂರು ವಡೆ ಕಟ್ಟಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಚಿಕ್ಕವ್ವನಿಗೆ ಓದು ಬರಹ ಬರುವುದಿಲ್ಲ. ರಸೀದಿ ತೋರಿಸಿ ಏನು ಪ್ರಯೋಜನ? ನೂರು ಮುಟ್ಟಿದ ಖುಷಿಯಲ್ಲಿ, ಸಾಲು ತಪ್ಪಿದ್ದನ್ನು ಮರೆತು, ವೆಬ್‌ಸೈಟನ್ನು ಫೋನಿನಲ್ಲೇ ತೆರೆದು, ಅಲ್ಲಿ ಹತ್ತೂ ಒಂದಾದ ಮೇಲೊಂದು ತಾವಾಗಿ ಹಾಡಿಕೊಳ್ಳುವ ಗುಂಡಿ ಒತ್ತಿ ಅವಳ ಮುಂದಿಟ್ಟೆ. ಆರಿಸಿಕೊಳ್ಳುವುದಕ್ಕೆ ಬರುವುದೇ ಇಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲು ಅಂತ ನನಗೆ ಗೊತ್ತಾದದ್ದೂ ಆಗಲೇ.

ಚಪ್ಪರದ ಪದ ಬಂತು. ಚಿಕ್ಕವ್ವ ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳು ತಟ್ಟುತ್ತಾ ಕೇಳಿದಳು. ಮುಖದಲ್ಲಿ ನಗು ಕೂಡ ಇತ್ತು. ಪದ ಮುಗಿಯಿತು. ಮುಂದಿನದರ ರಾಗ ಎತ್ತುವ ಒಂದು ಎಳೆ ಕೇಳಿಸಿತೋ ಇಲ್ಲವೋ, ಅವಳು ಕಣ್ಣು ಬಿಟ್ಟು ಫೋನಿನ ಮೇಲೆ ಕೈ ಅಪ್ಪಳಿಸಿದಳು.

"ನಿಲ್ಸು. ನಿಲ್ಸು ಅಂದೆ!"

ನಿಲ್ಲಿಸಿದೆ.

"ಚಪ್ಪರ ಆಕುದ್ ಕೂಡ್ಲೆ ಎಣ್ ಕಳಿಸ್ಬುಟ್ಯಾ? ಅರ್ಸಿನ ಎಲ್ಲಮ್ಮಿ? ಬಳೆ ಎಲ್ಲಿ? ದಾರೆ ಎಲ್ಲಿ?"

"ಅದು ಕಂಪ್ಯೂಟರ್ ಮಾಡಿದ ತಪ್ಪು ಚಿಕ್ಕವ್ವ. ಅದು ಎಣಿಸಲ್ಲ, ಓದುತ್ತಂತೆ..."

"ನೀನು ನೋಡ್ಲಿಲ್ವಾ?"

ನೋಡಿದ್ದೆ. ಅವಳ ಮುಂದೆ ಸುಳ್ಳು ಹೇಳುವುದಕ್ಕೆ ನಾಲಿಗೆ ಬರಲಿಲ್ಲ. "ನೋಡ್ದೆ," ಅಂದೆ.

ಅವಳು ವಡೆಯ ಪೊಟ್ಟಣವನ್ನು ಆ ಕಡೆ ಸರಿಸಿದಳು. ಗೋಡೆ ಕಡೆ ನೋಡಿಕೊಂಡು, ಬೈಯುವ ದನಿಯಲ್ಲೂ ಅಲ್ಲ, ಸುಮ್ಮನೆ ಹೇಳಿದಳು. "ನಿನ್ ಮದ್ವೆ ತರನೇ ಮಾಡ್ಬುಟ್ಟಲ್ಲ."

ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಲ್ಲಿ ಬಂದದ್ದು. ನನಗೆ ಅಲ್ಲಿ ಕೂರುವುದಕ್ಕೂ ಆಗಲಿಲ್ಲ, ಏಳುವುದಕ್ಕೂ ಆಗಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಸಂಸ್ಥೆಯನ್ನೂ, ವೆಬ್‌ಸೈಟು ಕಟ್ಟಿದವರನ್ನೂ, ಇಂಗ್ಲಿಷ್ ಅಂಕಿಯನ್ನೂ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಮದ್ದೂರು ಬರುವ ಹೊತ್ತಿಗೆ ಬೈಯುವುದಕ್ಕೆ ನಾನೊಬ್ಬಳೇ ಉಳಿದಿದ್ದೆ.

ಸೋಮವಾರ ಹಾಡು ಕಳಿಸುವುದಕ್ಕೆ ಕೊನೆಯ ದಿನ. ಸಂಜೆ ಐದಕ್ಕೆ ಮುಚ್ಚುತ್ತದೆ. ರಜೆ ಹಾಕಿ ಬೆಳಗ್ಗೆಯೇ ಸಹಾಯವಾಣಿಗೆ ಫೋನ್ ಮಾಡಿದೆ. ಹಕಾರವನ್ನೆಲ್ಲ ಜೋಪಾನವಾಗಿ ಹಿಡಿದುಕೊಂಡೇ ಮಾತಾಡಿದೆ. ಒಮ್ಮೆ ಸಲ್ಲಿಸಿದ ಮೇಲೆ ಸಾಲು ಬದಲಾಯಿಸುವುದಕ್ಕೆ ಬರುವುದಿಲ್ಲವಂತೆ. ಬೇಕಾದರೆ ಪೂರ್ತಿ ಹಿಂಪಡೆದು, ಮೊದಲಿನಿಂದ ಸಲ್ಲಿಸಬಹುದಂತೆ.

"ಹಿಂಪಡೆದ ಮೇಲೆ ಐದರೊಳಗೆ ಹೋಗದೆ ಇದ್ದರೆ?" ಅಂದೆ.

"ಆಗ ಏನೂ ಇರಲ್ಲ ಮೇಡಂ. ಇರೋದನ್ನೇ ಬಿಟ್ಟರೆ ಸೇಫ್."

ಇರುವುದನ್ನೇ ಬಿಟ್ಟರೆ ಚಿಕ್ಕವ್ವನ ಕಂಠ ಅಲ್ಲಿ ಉಳಿಯುತ್ತದೆ, ಆದರೆ ಅವಳ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ಹಿಂಪಡೆದರೆ ಎರಡೂ ಹೋದರೂ ಹೋಯಿತು. ಐದು ದಾಟಿದರೆ ಮತ್ತೆ ಕಳಿಸುವ ಹಾಗಿಲ್ಲ. ಸೈಬರ್ ಅಂಗಡಿಗೆ ಹೋಗಿ, "ಹಿಂಪಡೆಯಿರಿ" ಅನ್ನುವ ಗುಂಡಿಯನ್ನು ನಾನೇ ಒತ್ತಿದೆ. ಆ ಪುಟದಲ್ಲಿ ಅಷ್ಟು ಬೇಗ ಆದ ಕೆಲಸ ಅದೊಂದೇ. ಹತ್ತೂ ಕಣ್ಣೆದುರಿಗೇ ಅಳಿಸಿಹೋದವು.

"ಈಗ ಒಂದರ ಎಡಗಡೆ ಸೊನ್ನೆ ಹಾಕೋಣ ಅಕ್ಕ," ಅಂದರು ಅಂಗಡಿಯವರು. "ಸೊನ್ನೆ ಒಂದು, ಸೊನ್ನೆ ಎರಡು. ಆಗ ಹತ್ತು ತಾನಾಗೇ ಕೊನೆಗೆ ಹೋಗುತ್ತೆ."

ಅಂಕಿಯ ಎಡಗಡೆ ಎಷ್ಟು ಸೊನ್ನೆ ಹಾಕಿದರೂ ಅದಕ್ಕೆ ಬೆಲೆ ಇಲ್ಲ ಎಂದು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಹೇಳಿದ್ದೇನೆ. ಆ ಬೆಲೆಯಿಲ್ಲದ ಸೊನ್ನೆಯನ್ನು ಮೊದಲೇ ಹಾಕಿದ್ದರೆ ಚಿಕ್ಕವ್ವನ ಮುಖ ಹಾಗೆ ಆಗುತ್ತಿರಲಿಲ್ಲ.

"ಈ ಸಲ ಹೆಸರು ನೋಡಿ ನಂಬಬೇಡಿ. ಒಂದೊಂದೇ ಕೇಳಿ, ಆಮೇಲೆ ಹೆಸರಿಡಿ," ಅಂತ ಹೆಡ್‌ಫೋನ್ ಕೊಟ್ಟರು. ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಒಂದೊಂದನ್ನೇ ಕೇಳುತ್ತಾ ಸೊನ್ನೆ ಹಾಕುತ್ತಾ ಹೋದೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಾನು ಆ ಹಾಡುಗಳನ್ನು ಒಂದು ಸಲವೂ ಪೂರ್ತಿ ಕೇಳಿರಲಿಲ್ಲ. ಎಷ್ಟು ದೊಡ್ಡ ಫೈಲು, ಎಷ್ಟು ಪರ್ಸೆಂಟು ಹೋಯಿತು ಅನ್ನುವುದನ್ನು ಮಾತ್ರ ನೋಡಿದ್ದೆ. ಅರಿಶಿನ, ಬಳೆ, ಕುರಿ ಅರಚಿದ ನಾಲ್ಕನೆಯದು, ಹಸೆ, ಧಾರೆ, ಬೀಗರು. ಹತ್ತನೆಯದಕ್ಕೆ ಬಂದಾಗ ಎರಡು ಗಂಟೆ.

ಮೊದಲು ನಾನು ಎದ್ದು ಆಚೆ ಹೋದ ಸದ್ದು. ಬಾಗಿಲ ಸದ್ದು. ಆಮೇಲೆ ಅವಳು ಒಂದು ಸಲ ಕೆಮ್ಮಿ ರಾಗ ಎತ್ತಿದಳು. ಹೆಣ್ಣಿನ ಹೆಸರು ಬರುವ ಜಾಗ ಬಂತು. ಅಲ್ಲಿ "ನಮ್ಮ ಬಾಲೆ" ಇರಲಿಲ್ಲ. ನನ್ನ ಹೆಸರಿತ್ತು. ಸ್ಕೂಲಿನ ರಿಜಿಸ್ಟರಿನಲ್ಲಿ, ಆಧಾರಿನಲ್ಲಿ ಎಲ್ಲೂ ಇಲ್ಲದ, ಅವಳು ಮಾತ್ರ ಕರೆಯುವ ಹೆಸರು. ಮುಂದಿನ ಸಾಲಿನಲ್ಲಿ ಗಂಡಿನ ಹೆಸರು ಬರಬೇಕು. ಅಲ್ಲಿ ನನ್ನ ಗಂಡನ ಹೆಸರನ್ನು, ಒಂದು ಅಕ್ಷರವೂ ಬಿಡದ ಹಾಗೆ, ರಾಗಕ್ಕೆ ಕೂರಿಸಿ ಹೇಳಿದ್ದಳು. ಕೊನೆಯ ಸಾಲಿಗೆ ಅವಳ ಗಂಟಲು ಒಡೆದಿತ್ತು. ವಯಸ್ಸಿಗೆ ಒಡೆದದ್ದೋ, ಬೇರೆ ಯಾತಕ್ಕೋ, ನನಗೆ ಗೊತ್ತಿಲ್ಲ.

ನನ್ನನ್ನು ಆಚೆ ಕಳಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಆಧಾರ್ ಪ್ರಿಂಟಿನವರ ಮಧ್ಯೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅಂಗಡಿಯವರು ಗಾಬರಿಯಾಗಿ ನೀರಿನ ಬಾಟಲಿ ತಂದು, "ಮತ್ತೆ ರಿಜೆಕ್ಟಾ ಅಕ್ಕ?" ಅಂದರು. ಇಲ್ಲ ಅಂತ ತಲೆ ಆಡಿಸಿದೆ.

ಹತ್ತೂ ಸೊನ್ನೆ ಸಮೇತ ಸಾಲಾಗಿ ಕೂತವು. ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬಬೇಕು. ಊರು, ತಾಲೂಕು, ಹಾಡಿದವರ ವಯಸ್ಸು. "ಯಾರ ಮದುವೆಯಲ್ಲಿ ಹಾಡಿದ್ದು?" ಕೆಂಪು ನಕ್ಷತ್ರ. ಹೋದ ಸಲ ಬರೆದಿದ್ದ ಉತ್ತರವನ್ನೇ ಕಂಪ್ಯೂಟರು ಕೆಳಗೆ ತೋರಿಸಿತು, ಅನ್ವಯಿಸುವುದಿಲ್ಲ ಅಂತ. ನಾನು ಅದನ್ನು ಬಿಟ್ಟು, "ನನ್ನ ಮದುವೆಯಲ್ಲಿ" ಅಂತ ಟೈಪ್ ಮಾಡಿದೆ. ಒಪ್ಪಿಕೊಂಡಿತು.

ಮೂರೂವರೆಗೆ ಒತ್ತಿದೆವು. ಅರವತ್ತಕ್ಕೆ ಬಂದಾಗ ಕರೆಂಟು ಹೋಯಿತು. ಯುಪಿಎಸ್ ಕಿರುಚಿಕೊಂಡಿತು. ಅಂಗಡಿಯವರು ತಮ್ಮ ಫೋನಿನ ನೆಟ್ ಕೊಟ್ಟು ಮತ್ತೆ ಸೊನ್ನೆಯಿಂದ ಶುರು ಮಾಡಿದರು. ನಾಲ್ಕೂ ಕಾಲಿಗೆ ಎಂಬತ್ತೇಳಕ್ಕೆ ಬಂದು ನಿಂತಿತು. ಆ ಎಂಬತ್ತೇಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಿಂತೇ ಇತ್ತು. ಪ್ರಿಂಟಿಗೆ ಬಂದವರೂ ಹಿಂದೆ ನಿಂತು ನೋಡುತ್ತಿದ್ದರು. ಒಬ್ಬಾಕೆ ನನಗಿಂತ ಜೋರಾಗಿ ಅದನ್ನು ಬೈದಳು. ನಾಲ್ಕು ನಲವತ್ತಕ್ಕೆ ಅದು ಅಲ್ಲಾಡಿ, ಒಂದೇ ನೆಗೆತಕ್ಕೆ ನೂರು ಮುಟ್ಟಿತು. ಪಟ್ಟಿ ಬಂತು. ಬೆರಳಿಟ್ಟು ಎಣಿಸಿದೆ, ಒಂದರಿಂದ ಹತ್ತು. ಒಂಬತ್ತಾದ ಮೇಲೆ ಹತ್ತು.

ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಚಿಕ್ಕವ್ವನಿಗೆ ಫೋನ್ ಮಾಡಿದೆ.

"ಏರ್ತು ಚಿಕ್ಕವ್ವ."

"ಸಾಲಾಗಾ?"

"ಸಾಲಾಗಿ."

"ಎಣ್ ಕಳ್ಸಿದ್ದು ದಾರೆ ಆದ್ಮೇಲೇ ತಾನೆ?"

"ದಾರೆ ಆದ್ಮೇಲೇ. ಎಲ್ಲ ಆದ್ಮೇಲೆ."

ಆ ಕಡೆಯಿಂದ ಗಿರಣಿಯ ಸದ್ದೂ ಕೇಳಿಸುತ್ತಿತ್ತು. "ಕೊನೇದ್ ಕೇಳ್ದಾ?" ಅಂದಳು.

"ಕೇಳ್ದೆ."

"ಅತ್ತಾ?"

"ಹೂಂ."

"ಅತ್ರೆ ಸರಿ," ಅಂದಳು ಚಿಕ್ಕವ್ವ. "ಎಣ್ಣೊಪ್ಸೋ ಪದಕ್ಕೆ ಎಣ್ಣು ಅಳ್ದೆ ಇದ್ರೆ ಪದ ಏಳ್ದೋಳ್ಗೆ ಅವಮಾನ."